ತದಡಿಯಕ್ಕ ಕೇಳಿದ ಮಾತು

ಕಳೆದ ವಾರ ಹೊನ್ನಾವರದಲ್ಲಿ ಕುಮಟೆಯ ಬಸ್ಸು ಹತ್ತಿ ಕೂತಿದ್ದೆ. ಪಕ್ಕದ ಸೀಟಿಗೆ ಒಬ್ಬ ಹೆಂಗಸು ಬಂದು ಕೂತರು. ಕಾಲ ಬಳಿ ಖಾಲಿ ಬುಟ್ಟಿ. ಬುಟ್ಟಿಯನ್ನು ಚೆನ್ನಾಗಿಯೇ ತೊಳೆದಿದ್ದರು, ಆದರೂ ಹೆಣಿಗೆಯ ಸಂದಿಯಿಂದ ಶೆಟ್ಲಿಯ, ಅಂದರೆ ಒಣ ಸಿಗಡಿಯ, ವಾಸನೆ ಬರುತ್ತಿತ್ತು. ತಲೆಯಲ್ಲಿ ಬೆಳಿಗ್ಗೆ ಮುಡಿದ ಮಲ್ಲಿಗೆ ಬಾಡಿತ್ತು. ಒಣಮೀನು, ಬಾಡಿದ ಮಲ್ಲಿಗೆ... ಎರಡೂ ಒಟ್ಟಿಗೆ ಮೂಗಿಗೆ ಬಂದದ್ದೇ ತಡ, ನಾನು ಬಸ್ಸಿನಲ್ಲಿ ಇರಲಿಲ್ಲ. ಹದಿನಾರು ವರ್ಷ ಹಿಂದಿನ ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ, ಕುಮಟೆಯ ಬಾಡಿಗೆ ಮನೆಯ ಜಗಲಿಯಲ್ಲಿ ಇದ್ದೆ. ಮೆಟ್ಟಿಲ ಮೇಲೆ ಬುಟ್ಟಿ ಇಳಿಸಿ, ಸೆರಗಿನಿಂದ ಕುತ್ತಿಗೆ ಒರೆಸಿಕೊಳ್ಳುತ್ತ ತದಡಿಯಕ್ಕ ಕೂತಿದ್ದರು.

ತದಡಿ ಬಂದರಿನಿಂದ ಮೀನು ತರುತ್ತಿದ್ದರೆಂದು ನಾವು ಅವರನ್ನು ಹಾಗೆ ಕರೆಯುತ್ತಿದ್ದೆವು. ಬೆಳಿಗ್ಗೆಯ ಬಸ್ಸಿಗೆ ಕುಮಟೆಗೆ ಬಂದು, ನಾಲ್ಕಾರು ಕೇರಿ ತಿರುಗಿ, ಕೊನೆಗೆ ನಮ್ಮ ಮನೆಗೆ ಬರುತ್ತಿದ್ದರು. ಆಗ ಅವರಿಗೆ ಐವತ್ತು ದಾಟಿತ್ತು. ಎತ್ತರದ ಆಳು, ದೊಡ್ಡ ದನಿ. ರಸ್ತೆಯ ಆ ತುದಿಯಲ್ಲಿ ಬಂಗುಡೆ ಎಂದರೆ ಈ ತುದಿಯ ಬೆಕ್ಕುಗಳು ಎದ್ದು ಕೂರುತ್ತಿದ್ದವು. ಆದರೆ ಮಾತು ಹೆಚ್ಚಿರಲಿಲ್ಲ. ಯಾರಾದರೂ ಚೌಕಾಸಿ ಮಾಡಿದರೆ ಸುಮ್ಮನೆ ಅವರ ಮುಖ ನೋಡುತ್ತಿದ್ದರು, ಅಷ್ಟೇ. ಹೆಚ್ಚಿನವರು ಆ ನೋಟಕ್ಕೇ ಸೋಲುತ್ತಿದ್ದರು.

ನಾನು ಆಗ ಅಲ್ಲಿನ ಹೈಸ್ಕೂಲೊಂದರಲ್ಲಿ ಕನ್ನಡ ಹೇಳಿಕೊಡುತ್ತಿದ್ದೆ. ಜೊತೆಗೆ ಹೆಂಗಸರದ್ದೇ ಒಂದು ತಾಳಮದ್ದಳೆ ಕೂಟದಲ್ಲಿದ್ದೆ. ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ ಹಾಡುತ್ತಾರೆ, ನಾವು ಕೂತಲ್ಲೇ ಪಾತ್ರವಾಗಿ ಮಾತಾಡುತ್ತೇವೆ. ಬರೆದಿಟ್ಟ ಸಂಭಾಷಣೆಯೂ ಇರುವುದಿಲ್ಲ. ಎದುರಿನವರು ಕೇಳಿದ್ದಕ್ಕೆ ಅಲ್ಲೇ ಉತ್ತರ ಹುಟ್ಟಬೇಕು. ನಮ್ಮ ಕೂಟ ಕಟ್ಟಿದವರು ನಿವೃತ್ತ ಮುಖ್ಯೋಪಾಧ್ಯಾಯಿನಿ. ನಮ್ಮ ಕಡೆ ಟೀಚರೆಂದರೆ ಅಕ್ಕೋರು; ಅವರು ಶಾಲೆ ಬಿಟ್ಟ ಎಷ್ಟೋ ವರ್ಷಗಳ ಮೇಲೂ ಊರೆಲ್ಲ ಅವರನ್ನು ದೊಡ್ಡಕ್ಕೋರು ಎಂದೇ ಕರೆಯುತ್ತಿತ್ತು. ಭಾಷೆಯ ವಿಷಯದಲ್ಲಿ ಬಹಳ ಕಟ್ಟುನಿಟ್ಟು. ಒಂದು ಒತ್ತಕ್ಷರ ತಪ್ಪಿದರೆ ಅಭ್ಯಾಸ ನಿಲ್ಲಿಸಿಬಿಡುತ್ತಿದ್ದರು.

ಆ ವರ್ಷ ಭಟ್ಕಳದಲ್ಲಿ ಮೇ ತಿಂಗಳಿಗೆ ಮೂರು ಸಂಜೆಯ ಬೇಸಿಗೆ ಕಲೋತ್ಸವ ನಿಗದಿಯಾಗಿತ್ತು. ಹಳೇ ಬಂದರದ ಹತ್ತಿರದ ಬಯಲಿನಲ್ಲಿ. ಗುಮಟೆ ಬಾರಿಸುವವರು, ಭರತನಾಟ್ಯದ ಮಕ್ಕಳು, ಉರ್ದು ಕವಿತೆ ಓದುವವರು, ಯಕ್ಷಗಾನದವರು ಎಲ್ಲರೂ ಒಂದೇ ವೇದಿಕೆಗೆ. ಎರಡನೇ ಸಂಜೆ ಒಂದೂವರೆ ಗಂಟೆ ನಮ್ಮ ಕೂಟಕ್ಕೆ ಸಿಕ್ಕಿತ್ತು. ಅಷ್ಟು ದೊಡ್ಡ ಸಭೆಯ ಮುಂದೆ ನಾವು ಅಲ್ಲಿಯವರೆಗೆ ಕೂತವರೇ ಅಲ್ಲ.

ಆರಿಸಿಕೊಂಡ ಪ್ರಸಂಗ ಎಲ್ಲರಿಗೂ ಗೊತ್ತಿದ್ದದ್ದು. ವಯಸ್ಸಾದ ರಾಜನೊಬ್ಬ, ಹೊಳೆ ದಾಟಿಸುವ ಬೆಸ್ತರ ಹುಡುಗಿಯನ್ನು ಮೆಚ್ಚುತ್ತಾನೆ. ಹುಡುಗಿಯ ತಂದೆ ಕೇರಿಗೆ ಒಡೆಯ. ನನ್ನ ಮಗಳ ಹೊಟ್ಟೆಯಲ್ಲಿ ಹುಟ್ಟಿದವನಿಗೇ ಪಟ್ಟ ಆಗುವುದಾದರೆ ಮಾತ್ರ ಕೊಡುತ್ತೇನೆ ಎನ್ನುತ್ತಾನೆ. ರಾಜ ಬಾಯಿ ಕಟ್ಟಿ ಹಿಂದಿರುಗುತ್ತಾನೆ. ಆಮೇಲೆ ರಾಜನ ಹಿರಿಯ ಮಗ ತಾನೇ ಆ ಕೇರಿಗೆ ಬಂದು, ಪಟ್ಟವನ್ನೂ ಬಿಟ್ಟೆ, ಮದುವೆಯನ್ನೂ ಬಿಟ್ಟೆ ಎಂದು ಪ್ರತಿಜ್ಞೆ ಮಾಡುತ್ತಾನೆ. ಆ ರಾಜಕುಮಾರನ ಪಾತ್ರ ನನ್ನದು. ಬೆಸ್ತರ ಒಡೆಯನ ಪಾತ್ರ ಮಾಡಬೇಕಿದ್ದ ಗೆಳತಿ ಬ್ಯಾಂಕಿನಲ್ಲಿದ್ದಳು. ಉತ್ಸವಕ್ಕೆ ಮೂರೇ ವಾರ ಇದೆ ಎನ್ನುವಾಗ ಅವಳಿಗೆ ಘಟ್ಟದ ಮೇಲೆ ವರ್ಗವಾಯಿತು.

ನಮ್ಮ ಕಡೆ ಆ ಒಡೆಯನ ಪಾತ್ರ ಎಂದರೆ ನಗೆಗೆ ಮೀಸಲು. ಮೂಗಿನಲ್ಲಿ ಮಾತಾಡುವುದು, ಹತ್ತಾರು ಮೀನಿನ ಹೆಸರು ಹೇಳುವುದು, ದೊಡ್ಡ ಶಬ್ದಗಳನ್ನು ಬೇಕೆಂದೇ ತಪ್ಪಾಗಿ ಉಚ್ಚರಿಸುವುದು. ಜನ ಅದಕ್ಕಾಗಿಯೇ ಕಾಯುತ್ತಾರೆ. ದೊಡ್ಡಕ್ಕೋರು ಒಂದು ದಿನ ನಮ್ಮ ಜಗಲಿಯಲ್ಲಿ ಕೂತು, ನಿಮ್ಮ ಮನೆಗೆ ಮೀನು ತರುತ್ತಾಳಲ್ಲ, ಅವಳನ್ನೇ ಯಾಕೆ ಕೇಳಬಾರದು ಎಂದರು. ಅವಳು ಬಾಯಿ ತೆರೆದರೆ ಸಾಕು, ಹೊಸದಾಗಿ ಕಲಿಸುವುದೇ ಬೇಡ, ಸಭೆ ಬಿದ್ದು ಬಿದ್ದು ನಗುತ್ತದೆ ಎಂದರು. ನನಗೆ ಅದರಲ್ಲಿ ಏನೂ ತಪ್ಪು ಕಾಣಲಿಲ್ಲ. ಈಗ ಬರೆಯುವಾಗ ನಾಚಿಕೆಯಾಗುತ್ತದೆ, ಆದರೆ ಅಂದು ಕಾಣಲಿಲ್ಲ. ಒಳ್ಳೆಯ ಉಪಾಯ ಎಂದೇ ಅನಿಸಿತ್ತು.

ಮರುದಿನ ಕೇಳಿದೆ. ಕಥೆ ಹೇಳಿ, ನೀವು ದಿನಾ ಹೇಗೆ ಮಾತಾಡುತ್ತೀರೋ ಹಾಗೆಯೇ ಮಾತಾಡಿದರೆ ಆಯಿತು ಎಂದೆ. ಅವರು ಮೀನು ಹೆಚ್ಚುತ್ತಿದ್ದವರು ಕತ್ತಿ ನಿಲ್ಲಿಸಿದರು.

“ಎಂತಕ್ಕೆ ನಾನು?” ಎಂದು ಕೇಳಿದರು.

ನಿಮ್ಮ ದನಿ ಚೆನ್ನಾಗಿದೆ ಎಂದೇನೋ ಹೇಳಿದೆ. ಅವರು ಬಹಳ ಹೊತ್ತು ನನ್ನನ್ನೇ ನೋಡಿದರು, ಚೌಕಾಸಿ ಮಾಡುವವರನ್ನು ನೋಡುವ ಹಾಗೆ. ಆಮೇಲೆ ಮತ್ತೆ ಮೀನಿನ ಕಡೆ ಬಗ್ಗಿದರು.

“ಆ ಪ್ರಸಂಗ ನಾ ಸಣ್ಣಾಗಿದ್ದಾಗಿಂದ ನೋಡಿದ್ದೆ, ಅಕ್ಕೋರೆ. ಅಂವ ಬಂದ ಕೂಡ್ಲೆ ಎಲ್ಲಾ ನಗ್ತಾರೆ. ನಮ್ಮ ಕೇರಿಯೋರು ಸೈತ ನಗ್ತಾರೆ. ನಾನೂ ನಕ್ಕಿದ್ದೆ. ಆತು, ನಾ ಬತ್ತೆ. ಆದ್ರೆ ನಗಿಸುಕೆ ಬರುದಿಲ್ಲ.”

ಹೀಗೆ ಅವರು ಬಂದರು. ಶಾಲೆಗೆ ರಜೆ ಇತ್ತು. ಮೀನು ಮಾರಿ ಮುಗಿಸಿ, ನಮ್ಮ ಬಾವಿಕಟ್ಟೆಯಲ್ಲಿ ಕೈಕಾಲು ತೊಳೆದು, ತಂದ ಬುತ್ತಿ ಉಂಡು, ಎರಡು ಗಂಟೆಗೆ ಸರಿಯಾಗಿ ಜಗಲಿಯಲ್ಲಿ ಕೂರುತ್ತಿದ್ದರು. ಓದಲು ಬರುತ್ತಿರಲಿಲ್ಲ. ನಾನು ಪದ ಓದುತ್ತಿದ್ದೆ, ಅರ್ಥ ಹೇಳುತ್ತಿದ್ದೆ. ಎರಡು ಸಲ ಕೇಳಿದರೆ ಮೂರನೇ ಸಲಕ್ಕೆ ಅವರ ಬಾಯಲ್ಲಿ ಇರುತ್ತಿತ್ತು. ಭಾಗವತರು ಒಂದು ದಿನ ಬೇಕೆಂದೇ ಪದವನ್ನು ನಡುವಿನಿಂದ ಎತ್ತಿಕೊಂಡರು. ಇವರು ತಡವರಿಸದೆ ಅಲ್ಲಿಂದಲೇ ಮಾತು ಹಿಡಿದರು. ಭಾಗವತರು ತಾಳ ಕೆಳಗಿಟ್ಟು, ಇವರನ್ನು ಮೊದಲು ಎಲ್ಲಿ ಬಚ್ಚಿಟ್ಟಿದ್ದಿರಿ ಎಂದು ನನ್ನನ್ನೇ ಕೇಳಿದರು.

ದೊಡ್ಡಕ್ಕೋರಿಗೆ ಮಾತ್ರ ಸಮಾಧಾನವಿರಲಿಲ್ಲ. ನಗೆಯ ಮಾತುಗಳನ್ನು ಒಂದೊಂದಾಗಿ ಹೇಳಿಕೊಟ್ಟರು. ರಾಜಕುಮಾರ ಎನ್ನುವಲ್ಲಿ ಯಾವುದೋ ಮೀನಿನ ಹೆಸರು ಬರಬೇಕು, ಕಿರೀಟವನ್ನು ಬುಟ್ಟಿ ಎನ್ನಬೇಕು, ಹೀಗೆ. ತದಡಿಯಕ್ಕ ಎದುರಾಡಲಿಲ್ಲ. ಹೇಳಿಕೊಟ್ಟದ್ದನ್ನೆಲ್ಲ ಹೇಳಿದರು, ಆದರೆ ಸಾವಿನ ಸುದ್ದಿ ಹೇಳುವ ಹಾಗೆ ಹೇಳಿದರು. ಕಿರೀಟವನ್ನು ಬುಟ್ಟಿ ಎಂದು ಅವರು ಹೇಳಿದಾಗ ನನಗೆ ರಾಜಕುಮಾರನ ತಲೆಯ ಮೇಲೆ ಭಾರದ ಬುಟ್ಟಿಯೇ ಕಂಡಿತು, ನಗು ಬರಲಿಲ್ಲ. ನಾಲ್ಕು ದಿನ ಹೀಗೇ ನಡೆಯಿತು. ಐದನೇ ದಿನ ದೊಡ್ಡಕ್ಕೋರು, ಇವಳಿಗೆ ಹಾಸ್ಯ ಬರುವುದಿಲ್ಲ, ಬಿಡಿ ಎಂದು ಕೈಬಿಟ್ಟರು. ಅವರು ಹೋದ ಮೇಲೆ ತದಡಿಯಕ್ಕನ ಮುಖದಲ್ಲಿ ಒಂದು ಸಣ್ಣ ನಗು ಹಾದುಹೋದದ್ದನ್ನು ನಾನು ನೋಡಿದೆ.

ಅವರ ಮನೆಯ ಕಡೆಯಿಂದಲೂ ಅಡ್ಡಿ ಬಂತು. ಅವರ ಅಣ್ಣ ಒಂದು ಮಧ್ಯಾಹ್ನ ನಮ್ಮ ಮನೆಯವರೆಗೇ ಬಂದರು. ಒಳಗೆ ಬರಲಿಲ್ಲ. ಬೇಲಿಯ ಹೊರಗೆ ನಿಂತೇ, ಭಟ್ಕಳ ಬಂದರಿನ ಮೀನುಗಾರರೆಲ್ಲ ಬಂದು ಕೂರುತ್ತಾರೆ, ಅವರ ಮುಂದೆ ನಮ್ಮ ಜಾತಿಯನ್ನು ಆಡಿಕೊಂಡು ನಗಿಸುವುದಕ್ಕೆ ನಮ್ಮವಳೇ ಬೇಕಿತ್ತಾ ಎಂದು ನನ್ನನ್ನು ಕೇಳಿದರು. ನಾನು ತಲೆ ತಗ್ಗಿಸಿದೆ. ಅವರು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ತದಡಿಯಕ್ಕ ಎದ್ದು ಬೇಲಿಯವರೆಗೆ ಹೋಗಿ ಮೆಲ್ಲನೆ ಏನೋ ಹೇಳಿದರು. ಅಣ್ಣ ತಿರುಗಿ ನೋಡದೆ ಹೋದರು. ಏನು ಹೇಳಿದಿರಿ ಎಂದು ಕೇಳಿದ್ದಕ್ಕೆ, ಬಂದು ಕೇಳು, ಕೇಳಿದ ಮೇಲೆ ಬೈಯಿ ಅಂದೆ, ಎಂದರು.

ಮಗಳ ವಿಷಯ ಅವರು ಹೇಳಿದ್ದು ಅಂದೇ. ಅಲ್ಲಿಯವರೆಗೆ ಅವರಿಗೆ ಒಬ್ಬ ಮಗಳು ಇದ್ದಾಳೆ, ಮನೆಯಲ್ಲೇ ಇರುತ್ತಾಳೆ ಎಂಬುದಷ್ಟೇ ನನಗೆ ಗೊತ್ತಿತ್ತು. ಮಗಳನ್ನು ಹೊನ್ನಾವರದ ಕಡೆಯ, ಸ್ವಂತ ದೋಣಿ ಇದ್ದವರ ಮನೆಗೆ ಕೊಟ್ಟಿದ್ದರಂತೆ. ಅವನಿಗೆ ಎರಡನೇ ಸಂಬಂಧ. ಮೊದಲ ಹೆಂಡತಿ ತೀರಿಹೋಗಿದ್ದಳು, ಪ್ರಾಯಕ್ಕೆ ಬಂದ ಇಬ್ಬರು ಗಂಡುಮಕ್ಕಳಿದ್ದರು. ದೊಡ್ಡ ಮನೆ, ತಾವಾಗಿ ಕೇಳಿಕೊಂಡು ಬಂದಿದ್ದಾರೆ ಎಂಬ ಸಂತೋಷದಲ್ಲಿ ಇವರು ಏನೂ ಮಾತಾಡಲಿಲ್ಲ. ನಾಲ್ಕು ವರ್ಷಕ್ಕೆ ಅಳಿಯ ಎದೆನೋವಿನಿಂದ ಹೋದ. ಆಗ ಮಗಳ ಕಂಕುಳಲ್ಲಿ ಎರಡು ವರ್ಷದ ಹೆಣ್ಣುಮಗು. ಸೂತಕದ ದಿನಗಳು ಮುಗಿದ ಮೇಲೆ, ಸ್ವಲ್ಪ ದಿನ ತಾಯಿಮನೆಯಲ್ಲಿ ಇದ್ದು ಬಾ ಎಂದು ಆ ಗಂಡುಮಕ್ಕಳು ಕಳಿಸಿದರು. ಮತ್ತೆ ಕರೆಯಲು ಯಾರೂ ಬರಲಿಲ್ಲ. ಐದು ವರ್ಷವಾಗಿತ್ತು...

“ಆ ಒಡೆಯ ಆಸೆಬುರುಕ ಅಂತ ಎಲ್ಲಾ ನಗ್ತಾರೆ,” ಎಂದರು ತದಡಿಯಕ್ಕ. “ಮಗಳಿಗೆ ಹುಟ್ಟುದಕ್ಕೆ ನಾಳೆ ಎಂತ ಗತಿ ಅಂತ ಕೇಳ್ದ, ಅಷ್ಟೆ. ಅಂವ ಕೇಳ್ದ. ನಾ ಕೇಳ್ಲಿಲ್ಲ.”

ಅವರು ಅತ್ತಿರಲಿಲ್ಲ. ಹೇಳಿ ಮುಗಿಸಿ, ಮುಂದಿನ ಪದ ಓದಿ ಎಂದರು. ನಾನು ಪುಸ್ತಕ ಹಿಡಿದೆ, ಅಕ್ಷರ ಕಾಣಲಿಲ್ಲ.

ಉತ್ಸವದ ದಿನ ಭಟ್ಕಳದ ಸೆಕೆ ಹೇಳುವಂತಿರಲಿಲ್ಲ. ಸಮುದ್ರ ಅಷ್ಟು ಹತ್ತಿರವಿದ್ದೂ ಒಂದು ಎಲೆ ಅಲ್ಲಾಡುತ್ತಿರಲಿಲ್ಲ. ಬಯಲಿನ ಒಂದು ಬದಿಗೆ ಶರಬತ್ತಿನ ಅಂಗಡಿಗಳು, ರಜೆಗೆಂದು ಗಲ್ಫಿನಿಂದ ಬಂದವರು ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು ತಿರುಗುತ್ತಿದ್ದರು, ಕನ್ನಡ, ಕೊಂಕಣಿ, ನವಾಯತಿ ಎಲ್ಲ ಒಂದರೊಳಗೊಂದು ಕೇಳುತ್ತಿತ್ತು. ತದಡಿಯಿಂದ ಒಂದು ಟೆಂಪೊ ತುಂಬ ಮೀನು ಮಾರುವ ಹೆಂಗಸರು ಬಂದಿದ್ದರು. ಎಲ್ಲರ ತಲೆಯಲ್ಲೂ ಹೊಸ ಮಲ್ಲಿಗೆ. ಅವರ ನಡುವೆ ತೆಳ್ಳಗಿನ ಒಬ್ಬಳು, ಪಕ್ಕದಲ್ಲಿ ಏಳು ವರ್ಷದ ಹುಡುಗಿ. ಅದೇ ಮಗಳು ಎಂದು ಯಾರೂ ಹೇಳಬೇಕಾಗಲಿಲ್ಲ, ತಾಯಿಯದೇ ಹಣೆ. ಅಣ್ಣ ಕೂರಲಿಲ್ಲ. ದೂರದಲ್ಲಿ ಒಂದು ಕಂಬಕ್ಕೆ ಒರಗಿ, ಕೈಕಟ್ಟಿ ನಿಂತಿದ್ದರು.

ನಮ್ಮ ಸರದಿ ಬಂದಾಗ ಆರು ಗಂಟೆ ದಾಟಿತ್ತು. ಮೊದಲ ಭಾಗ ಚೆನ್ನಾಗಿಯೇ ಹೋಯಿತು. ದೊಡ್ಡಕ್ಕೋರು ರಾಜನಾಗಿ ಮುತ್ತು ಪೋಣಿಸಿದ ಹಾಗೆ ಮಾತಾಡಿದರು. ನಾನೂ ಮಾತಾಡಿದೆ, ಚಪ್ಪಾಳೆ ಬಂತು. ಆಮೇಲೆ ಬೆಸ್ತರ ಒಡೆಯನ ಪದ. ತದಡಿಯಕ್ಕ ಮೈಕಿನ ಹತ್ತಿರ ಬಾಗಿ, ತಾವು ದಿನಾ ಆಡುವ ಮಾತಿನಲ್ಲೇ, “ಬಾ ಮಗಾ, ಕೂತ್ಕ. ದೂರದಿಂದ ಬಂದೆ, ನೀರು ಬೇಕ?” ಎಂದರು.

ಸಭೆ ನಕ್ಕಿತು. ಬೇಕಾದದ್ದು ಸಿಕ್ಕಿತು ಎನ್ನುವ ಹಾಗೆ, ಮುಂದಿನ ಸಾಲಿನಿಂದ ಹಿಂದಿನ ಸಾಲಿನವರೆಗೆ ನಕ್ಕಿತು. ಯಾರೋ ಶಿಳ್ಳೆ ಹಾಕಿದರು. ತದಡಿಯ ಹೆಂಗಸರು ಮಾತ್ರ ನಗಲಿಲ್ಲ. ಅವರು ಸೆರಗು ಬಿಗಿ ಮಾಡಿಕೊಂಡು ಕೂತಿದ್ದರು. ತದಡಿಯಕ್ಕ ಮುಂದೆ ಮಾತಾಡದೆ ಸುಮ್ಮನಾದರು. ನಗು ನಿಂತ ಹಾಗಾಗಿ ಮತ್ತೆ ಎದ್ದಿತು. ಅವರು ಆಗಲೂ ಬಾಯಿ ತೆರೆಯಲಿಲ್ಲ. ಮಾತು ಮರೆತರೇನೋ ಎಂದು ದೊಡ್ಡಕ್ಕೋರು ನನ್ನ ಮೊಣಕೈ ತಿವಿದರು. ಅಷ್ಟರಲ್ಲಿ ಹತ್ತಿರದ ಮಸೀದಿಯಿಂದ ಸಂಜೆಯ ಆಜಾನ್ ಕೇಳಿಸಿತು. ಅಲ್ಲಿನ ವಾಡಿಕೆಯಂತೆ ಮೈಕಿನವರು ಮೈಕ್ ಆರಿಸಿದರು. ಸಭೆ ತಾನಾಗಿ ಮಾತು ನಿಲ್ಲಿಸಿತು.

ಆ ಕೆಲವು ನಿಮಿಷ ಅವರು ಹೇಗೆ ಕೂತಿದ್ದರೆಂದು ನನಗೆ ಚೆನ್ನಾಗಿ ನೆನಪಿದೆ. ಎರಡೂ ಅಂಗೈ ಮಂಡಿಯ ಮೇಲೆ. ಬೆನ್ನು ನೆಟ್ಟಗೆ. ಕಣ್ಣು ನನ್ನ ಮೇಲೆ. ನಾನು ರಾಜಕುಮಾರ, ಅವರ ಅಂಗಳಕ್ಕೆ ಬಂದು ಕೂತಿದ್ದೇನೆ, ಅವರು ಹೇಳುವವರೆಗೆ ಏಳುವ ಹಾಗಿಲ್ಲ... ಹಾಗೇ ಅನಿಸಿತು. ಆಜಾನ್ ಮುಗಿದು ಮೈಕ್ ಮತ್ತೆ ಬಂದಾಗ ನಗು ಬರಲಿಲ್ಲ.

ಆಮೇಲೆ ಅವರು ಮಾತಾಡಿದರು. ಜೋರಾಗಿ ಅಲ್ಲ, ಆದರೆ ಬಯಲಿನ ಕೊನೆಯವರೆಗೂ ಕೇಳುವ ಹಾಗೆ. ನಿನ್ನ ಅಪ್ಪ ದೊಡ್ಡವನು, ನನ್ನ ಮಗಳನ್ನು ರಾಣಿ ಮಾಡುತ್ತಾನೆ, ಸರಿ. ಅವನು ಹೋದ ದಿನ ಅವಳು ಏನಾಗುತ್ತಾಳೆ ಎಂದು ಕೇಳಿದರು. ಪಟ್ಟ ಬಿಟ್ಟೆ ಎಂದು ನಾನು ಹೇಳಿದೆ. ನೀನು ಒಳ್ಳೆಯವನು, ಬಿಟ್ಟೆ. ನಿನ್ನ ಹೊಟ್ಟೆಯಲ್ಲಿ ಹುಟ್ಟಿದವರು ಬಿಡುತ್ತಾರಾ, ಬಾಗಿಲಲ್ಲಿ ನಿಂತು ಸ್ವಲ್ಪ ದಿನ ತಾಯಿಮನೆಗೆ ಹೋಗಿ ಬಾ ಎನ್ನುವುದಿಲ್ಲವಾ ಎಂದು ಕೇಳಿದರು. ಹೆಂಗಸರ ಸಾಲಿನಲ್ಲಿ ಯಾರೋ ಬಿಕ್ಕಿದರು. ನಾನು ವಾರಗಟ್ಟಲೆ ಕಟ್ಟಿಟ್ಟುಕೊಂಡಿದ್ದ ಸಂಸ್ಕೃತದ ಮಾತುಗಳು ಒಂದೂ ಬಾಯಿಗೆ ಬರಲಿಲ್ಲ. ಎದ್ದು ನಿಂತು, ಮದುವೆಯೇ ಆಗುವುದಿಲ್ಲ ಎಂದು ನಾಲ್ಕೇ ಶಬ್ದದಲ್ಲಿ ಪ್ರತಿಜ್ಞೆ ಮುಗಿಸಿದೆ. ತಾಳಮದ್ದಳೆಯಲ್ಲಿ ಯಾರೂ ಎದ್ದು ನಿಲ್ಲುವುದಿಲ್ಲ. ನಾನು ಯಾಕೆ ನಿಂತೆನೋ ಗೊತ್ತಿಲ್ಲ.

ಪ್ರಸಂಗ ಅಲ್ಲಿಗೆ ಮುಗಿಯಬೇಕು. ಒಡೆಯ ಸಂತೋಷಪಟ್ಟು ಮಗಳನ್ನು ಒಪ್ಪಿಸಬೇಕು, ಭಾಗವತರು ಮಂಗಳ ಹಾಡಬೇಕು. ಭಾಗವತರು ತಾಳ ಎತ್ತಿಯೂ ಇದ್ದರು. ತದಡಿಯಕ್ಕ ಕೈ ಅಡ್ಡ ಹಿಡಿದು ತಡೆದರು. ಅವರು ಈಗ ನನ್ನನ್ನು ನೋಡುತ್ತಿರಲಿಲ್ಲ, ಹಿಂದಿನ ಸಾಲಿನಲ್ಲಿ ಕೂತಿದ್ದ ತದಡಿಯ ಹೆಂಗಸರ ಕಡೆ ನೋಡುತ್ತಿದ್ದರು.

“ತಡಿ ಮಗಾ. ನಾ ಎಲ್ಲಾ ಕೇಳ್ದೆ. ರಾಜ್ಯ ಕೇಳ್ದೆ, ಪಟ್ಟ ಕೇಳ್ದೆ, ನಿನ್ನ ಮಾತು ಕೇಳ್ದೆ. ಅವಳನ್ನ ಕೇಳ್ಲೇ ಇಲ್ಲ.” ಮೈಕನ್ನು ಇನ್ನೂ ಹತ್ತಿರ ಎಳೆದುಕೊಂಡರು. “ಮಗಳೆ, ನಿಂಗೆ ಎಂತ ಬೇಕು? ನೀ ಹೇಳು. ನಾ ಕೇಳ್ತೆ.”

ಹುಡುಗಿಯ ಪಾತ್ರ ನಮ್ಮ ಕೂಟದಲ್ಲಿ ಯಾರಿಗೂ ಕೊಟ್ಟಿರಲಿಲ್ಲ. ಆ ಪ್ರಸಂಗದಲ್ಲಿ ಅವಳಿಗೆ ಅಲ್ಲಿ ಮಾತೇ ಇಲ್ಲ. ಉತ್ತರ ಹೇಳುವವರಿಲ್ಲದೆ ಆ ಪ್ರಶ್ನೆ ಹಾಗೇ ನಿಂತಿತು. ಎಷ್ಟೋ ಹೊತ್ತಾದ ಮೇಲೆ ಭಾಗವತರು ಬಹಳ ಮೆಲ್ಲನೆ ಮಂಗಳ ಎತ್ತಿಕೊಂಡರು. ಚಪ್ಪಾಳೆ ಬಂದದ್ದು ಅದಾದ ಮೇಲೆ, ಅದೂ ತಡವಾಗಿ, ಜನ ಆಗಷ್ಟೇ ಎಚ್ಚರಾದವರ ಹಾಗೆ. ದೊಡ್ಡಕ್ಕೋರು ಕನ್ನಡಕ ತೆಗೆದು ಒರೆಸಿಕೊಂಡರು. ವೇದಿಕೆ ಇಳಿದ ಮೇಲೆ ತದಡಿಯಕ್ಕನ ಕೈ ಹಿಡಿದು, ನಾನು ನಿನಗೆ ಕಲಿಸಲಿಕ್ಕೆ ಹೊರಟಿದ್ದೆನಲ್ಲ ಎಂದರು. ಅಣ್ಣ ಹತ್ತಿರ ಬಂದರು, ಬೈಯಲಿಲ್ಲ. ಶರಬತ್ತಿನ ಎರಡು ಗ್ಲಾಸು ತಂದು ಒಂದನ್ನು ತಂಗಿಗೆ ಕೊಟ್ಟರು, ಇನ್ನೊಂದು ಯಾರಿಗೆ ಎಂದು ತಿಳಿಯದೆ ನನಗೆ ಕೊಟ್ಟರು.

ಆ ಸಂಜೆಯನ್ನು ನಾವೆಲ್ಲ ಅಲ್ಲಿಗೇ ಮುಗಿಯಿತು ಎಂದುಕೊಂಡಿದ್ದೆವು. ಅವರಿಗೆ ಮುಗಿದಿರಲಿಲ್ಲ. ಮನೆಗೆ ಹೋದವರು ಮಗಳನ್ನು ಕೂರಿಸಿಕೊಂಡು ನಿಜವಾಗಿಯೂ ಅದನ್ನೇ ಕೇಳಿದರಂತೆ. ಗಂಡನ ಮನೆಯಲ್ಲಿ ಅವಳಿಗೆ ಜಾಗ ಕೊಡಿಸಬೇಕು ಎಂದು ಇವರು ಮನಸ್ಸಿನಲ್ಲೇ ನಿಶ್ಚಯಿಸಿದ್ದರು. ಮಗಳು ಎರಡು ದಿನ ಏನೂ ಹೇಳದೆ, ಮೂರನೇ ದಿನ, ಆ ಮನೆ ನನಗೆ ಬೇಡ ಎಂದಳಂತೆ. ಗಂಡನ ಹೆಸರಿನಲ್ಲಿ ಕಡಲ ದಂಡೆಗೆ ಮೀನು ಒಣಗಿಸುವ ಒಂದು ಜಾಗವಿತ್ತು, ಪಕ್ಕದಲ್ಲಿ ಹೆಂಚಿನ ಶೆಡ್ಡು. ಮದುವೆಯಾದ ಹೊಸತರಲ್ಲಿ ಅವಳೇ ಅದನ್ನು ನೋಡಿಕೊಳ್ಳುತ್ತಿದ್ದಳು. ಅದು ಬೇಕು, ಮತ್ತು ಮಗುವಿಗೆ ಅಪ್ಪನ ಮನೆಗೆ ಹಬ್ಬಕ್ಕೆ ಹೋಗಿ ಬರುವ ಹಕ್ಕು ಬೇಕು, ಅಷ್ಟೇ ಎಂದಳಂತೆ. ಇದನ್ನು ನನಗೆ ಹೇಳುವಾಗ ತದಡಿಯಕ್ಕನಿಗೆ ಆಶ್ಚರ್ಯ ಇನ್ನೂ ಹೋಗಿರಲಿಲ್ಲ. ಐದು ವರ್ಷ ಒಂದೇ ಸೂರಿನ ಕೆಳಗೆ ಇದ್ದಳು, ನಂಗೆ ಗೊತ್ತೇ ಇರಲಿಲ್ಲ ನೋಡಿ, ಎಂದರು.

ಅದನ್ನು ಕೇಳಲು ಅವರು ಅಳಿಯನ ಮನೆಗೆ ಹೊರಟಾಗ ನಾನೂ ಬರುತ್ತೇನೆ ಎಂದೆ. “ನೀವು ಬರುದು ಬೇಡ, ಅಕ್ಕೋರೆ. ನೀವು ಬಂದ್ರೆ ಕನ್ನಡ ಜಾಸ್ತಿ ಆತದೆ,” ಎಂದರು. ಅಣ್ಣನನ್ನೂ ತಮ್ಮ ಸಮಾಜದ ಇಬ್ಬರು ಹಿರಿಯರನ್ನೂ ಕರೆದುಕೊಂಡು ಹೋದರು. ಮೊದಲ ಸಲ ಜಗಲಿಗೂ ಕರೆಯಲಿಲ್ಲ. ಎರಡನೇ ಸಲ ಚಹಾ ಕೊಟ್ಟು ಕಳಿಸಿದರು. ಆ ಮಳೆಗಾಲ ಪೂರ್ತಿ, ದೋಣಿ ಇಳಿಯದ ದಿನಗಳಲ್ಲಿ, ಬಿಡುವಾದಾಗಲೆಲ್ಲ ಹೋದರು. ಜಗಳ ಮಾಡಲಿಲ್ಲ, ಶಾಪ ಹಾಕಲಿಲ್ಲ. ಹೋಗಿ ಕೂತು, ಮೊದಲ ದಿನ ಕೇಳಿದ ಮಾತನ್ನೇ ಪ್ರತಿ ಸಲವೂ ಕೇಳಿ, ಉತ್ತರಕ್ಕೆ ಕಾಯುತ್ತಿದ್ದರು. ಆ ಕೂರುವ ರೀತಿ ನನಗೆ ಗೊತ್ತಿತ್ತು. ದೊಡ್ಡ ಮಗನಿಗೆ ಕೊನೆಗೆ ಬೇಸರ ಬಂದಿತೋ, ನಾಚಿಕೆ ಬಂದಿತೋ... ನವರಾತ್ರಿಯ ಹೊತ್ತಿಗೆ ಜಾಗವೂ ಶೆಡ್ಡೂ ಮಗಳ ಹೆಸರಿಗೆ ಬಂದವು. ಆ ದೀಪಾವಳಿಗೆ ಮಗು ಅಪ್ಪನ ಮನೆಗೆ ಹೋಗಿ ಹೊಸ ಲಂಗ ಹಾಕಿಕೊಂಡು ಬಂದಿತು.

ಆಮೇಲೆ ತದಡಿಯಕ್ಕ ನಮ್ಮ ಕೂಟದ ಖಾಯಂ ಸದಸ್ಯರಾದರು. ಹೊನ್ನಾವರ, ಕುಮಟೆ, ಬಾಡ, ಎಲ್ಲಿ ಕರೆದರೂ ಬಂದರು. ಬೇರೆ ಪಾತ್ರಗಳನ್ನೂ ಕಲಿತರು. ಕೆಲವು ಕಡೆ ಕರೆದವರು, ಸ್ವಲ್ಪ ನಗಿಸಿ ಎಂದು ಕೇಳಿಕೊಳ್ಳುತ್ತಿದ್ದರು. ಆತು ಎನ್ನುತ್ತಿದ್ದರು, ನಗಿಸುತ್ತಿರಲಿಲ್ಲ. ಮೀನಿನ ಬುಟ್ಟಿಯನ್ನು ಮಾತ್ರ ಬಿಡಲಿಲ್ಲ. ಸನ್ಮಾನದ ಶಾಲು ಹೊದೆಸಿದ ಮರುದಿನವೂ ನಮ್ಮ ರಸ್ತೆಯಲ್ಲಿ ಬಂಗುಡೆ ಎಂಬ ಕೂಗು ಅದೇ ಹೊತ್ತಿಗೆ ಕೇಳುತ್ತಿತ್ತು.

ಐದು ವರ್ಷದ ಹಿಂದೆ ನನಗೆ ಭಟ್ಕಳಕ್ಕೆ ವರ್ಗವಾಯಿತು. ದೊಡ್ಡಕ್ಕೋರಿಗೆ ವಯಸ್ಸಾಗಿ ಕೂಟ ತೆಳ್ಳಗಾಯಿತು. ತದಡಿಯಕ್ಕ ಆಗಾಗ ಫೋನ್ ಮಾಡುತ್ತಿದ್ದರು. ಹೆಚ್ಚು ಮಾತಿಲ್ಲ. ಉಂಡಾಯಿತಾ, ಅಲ್ಲಿ ಮೀನು ಹೇಗಿದೆ, ಇಷ್ಟೇ. ಎರಡು ವರ್ಷದ ಹಿಂದೆ ಜೂನ್ ತಿಂಗಳಲ್ಲಿ ಒಂದು ದಿನ ಅವರ ಫೋನ್ ಬಂತು. ಶಾಲೆ ಶುರುವಾಗಿತ್ತು, ಮಕ್ಕಳ ದಾಖಲಾತಿ ನಡೆದಿತ್ತು, ಮೇಜಿನ ಸುತ್ತ ಹೆತ್ತವರು ನಿಂತಿದ್ದರು. ಆಮೇಲೆ ಮಾಡುತ್ತೇನೆ ಅಕ್ಕ ಎಂದು ಇಟ್ಟೆ. ಮಾಡಲಿಲ್ಲ. ಆ ದಿನ ಮರೆತೆ, ಮರುದಿನವೂ ಮರೆತೆ... ಅವರು ಹೋದ ಸುದ್ದಿ ನನಗೆ ತಿಳಿದದ್ದು ಆಷಾಢದಲ್ಲಿ, ಅವರು ಹೋಗಿ ಹದಿನೆಂಟು ದಿನವಾದ ಮೇಲೆ, ಭಟ್ಕಳದ ಮೀನು ಪೇಟೆಯಲ್ಲಿ, ತದಡಿಯ ಕಡೆಯ ಇನ್ನೊಬ್ಬ ಹೆಂಗಸಿನ ಬಾಯಿಂದ. ಏನು ಹೇಳಲು ಫೋನ್ ಮಾಡಿದ್ದರೋ ನನಗೆ ಗೊತ್ತಿಲ್ಲ. ಜೀವಮಾನದಲ್ಲಿ ಕೇಳುವುದು ಎಂದರೆ ಏನೆಂದು ನನಗೆ ಕಲಿಸಿದವರ ಒಂದು ಮಾತನ್ನು ನಾನು ಕೇಳಲಿಲ್ಲ. ಇದಕ್ಕೆ ಈಗ ಯಾವ ಪರಿಹಾರವೂ ಇಲ್ಲ.

ಈ ವರ್ಷ ಉತ್ಸವದವರು ಮತ್ತೆ ಕರೆದಿದ್ದಾರೆ, ಅದೇ ಪ್ರಸಂಗವನ್ನೇ ಕೇಳಿದ್ದಾರೆ. ಮೊದಲು ಬೇಡ ಎಂದುಬಿಟ್ಟಿದ್ದೆ. ಬಸ್ಸಿನ ಆ ದಿನದ ನಂತರ ಮನಸ್ಸು ಬದಲಿಸಿ ಒಪ್ಪಿಕೊಂಡೆ. ಒಡೆಯನ ಪಾತ್ರಕ್ಕೆ ಕಾಲೇಜು ಮುಗಿಸಿದ ಒಬ್ಬ ಹುಡುಗಿ ಬಂದಿದ್ದಾಳೆ, ಚುರುಕಾಗಿದ್ದಾಳೆ. ಟೀಚರ್, ಇದನ್ನು ಹಾಸ್ಯವಾಗಿ ಮಾಡಬೇಕಾ ಎಂದು ಮೊದಲ ದಿನವೇ ಕೇಳಿದಳು. ಬೇಡ ಎಂದೆ, ಯಾಕೆ ಬೇಡ ಎಂಬುದನ್ನು ಇಲ್ಲಿ ಬರೆದ ಹಾಗೆ ಪೂರ್ತಿ ಹೇಳಿದೆ. ಕೊನೆಯ ಆ ಪ್ರಶ್ನೆಯನ್ನು ನೀನು ಕೇಳಬೇಕು ಎಂದು ಮಾತ್ರ ಹೇಳಲಿಲ್ಲ. ಅದು ಹೇಳಿಸಿ ಬರುವ ಮಾತಲ್ಲ.

ಹೋದ ಭಾನುವಾರ ತದಡಿಗೆ ಹೋಗಿದ್ದೆ. ತದಡಿಯಕ್ಕನ ಮಗಳು ಆಗಷ್ಟೇ ಹೊನ್ನಾವರದ ಕಡೆಯ ತನ್ನ ಶೆಡ್ಡಿನಿಂದ ಬಂದಿದ್ದಳು, ಇನ್ನೂ ಕೈ ತೊಳೆದಿರಲಿಲ್ಲ. ಅವಳ ಮಗಳು ಈಗ ಮಂಗಳೂರಿನಲ್ಲಿ ನರ್ಸಿಂಗ್ ಮುಗಿಸಿದ್ದಾಳೆ. ಉತ್ಸವದ ವಿಷಯ ಹೇಳಿದೆ. ಅವಳು ಎದ್ದು ಹೋಗಿ ಕೈ ತೊಳೆಯತೊಡಗಿದಳು. ಬರುವುದಿಲ್ಲ ಎನ್ನುತ್ತಾಳೆ ಎಂದುಕೊಂಡೆ. ನಾನು ಏನೂ ಒತ್ತಾಯಿಸಲಿಲ್ಲ, ಕಾದೆ. ಕೊನೆಗೆ ಅವಳು, ನೋಡುವುದಕ್ಕಾದರೆ ಬರುವುದಿಲ್ಲ ಎಂದಳು. ಅಂದು ಅವ್ವಿ ವೇದಿಕೆಯ ಮೇಲಿಂದ ಕೇಳಿದಾಗ ಎದ್ದು ನಿಂತು ಹೇಳಬೇಕು ಅನಿಸಿತ್ತಂತೆ. ಅಷ್ಟು ಜನರ ನಡುವೆ ಧೈರ್ಯ ಬರಲಿಲ್ಲವಂತೆ.

“ನಿಮ್ಮ ಕೂಟದಲ್ಲಿ ಆ ಹುಡುಗಿ ಪಾತ್ರ ಯಾರಿಗೂ ಇಲ್ಲ ಅಲ್ದ?” ಎಂದು ಕೇಳಿದಳು. “ನಾ ಕೂತ್ರೆ ಆತದ?”

ನಾಳೆ ಎರಡು ಗಂಟೆಗೆ ಅಭ್ಯಾಸ. ಚಾಪೆ ಹಾಸಿಟ್ಟಿದ್ದೇನೆ. ರಾಜಕುಮಾರನಿಗೆ ಒಂದು, ಒಡೆಯನಿಗೆ ಒಂದು, ಅವನ ಮಗಳಿಗೆ ಒಂದು. ಕೇಳಬೇಕಾದವರು ಇಲ್ಲ. ಹೇಳುವವಳು ಬರುತ್ತಿದ್ದಾಳೆ.